ನೀಲಮ್ಮಕ್ಕನ ಮಡಿ ಮಷೀನು

ನೀಲಮ್ಮಕ್ಕ ಪ್ರತಿ ಸೋಮವಾರ ಕಂಪ್ಯೂಟರಿಗೆ ಜಳಕ ಮಾಡಿಸುತ್ತಿದ್ದರು. ನೀರು ಹಾಕಿ ಅಲ್ಲ, ಗಾಬರಿಯಾಗಬೇಡಿ. ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿಗೆ ಬಂದವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕಿಟಕಿ ಪಕ್ಕದ ಹಳೆಯ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಸೊಲ್ಲಾಪುರ ಚಾದರ ತೆಗೆದು ಮಡಚಿಟ್ಟು, ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಅಳಿಸಿಹಾಕುತ್ತಿದ್ದರು. ಹಿಂದಿನ ವಾರ ಹಾಕಿದ ಪ್ರೋಗ್ರಾಮು, ಅದರ ಬೆನ್ನಿಗೆ ಬಂದ ನಂಟರಿಷ್ಟರು, ಎಲ್ಲ ಹೋಗಿ ಮಧ್ಯಾಹ್ನದ ಊಟದ ಹೊತ್ತಿಗೆ ಆ ಮಷೀನು ಈಗಷ್ಟೇ ಅಂಗಡಿಯಿಂದ ಬಂದಂತೆ ಏನೂ ಅರಿಯದೆ ಕೂತಿರುತ್ತಿತ್ತು. ಆಮೇಲೆ ನೀಲಮ್ಮಕ್ಕ ಕೈ ತೊಳೆದುಕೊಂಡು ರೊಟ್ಟಿ ಡಬ್ಬಿ ಬಿಚ್ಚುತ್ತಿದ್ದರು.

ಆ ಮಷೀನಿಗೆ ಇಂಟರ್ನೆಟ್ಟಿನ ತಂತಿ ಇರಲಿಲ್ಲ. ಅವರು ಹೇಳದೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಒಂದು ಸಲ ನಾನು ಅದಕ್ಕೆ ಫೋನು ಚಾರ್ಜಿಗೆ ಹಾಕಿದೆನೆಂದು ಗುರುವಾರವೇ ಮತ್ತೊಂದು ಜಳಕ ಆಯಿತು, ನನಗೆ ಮಂಗಳಾರತಿಯೂ ಆಯಿತು. ಆಫೀಸಿನ ತೆಲುಗಿನವರು ಅದಕ್ಕೆ ‘ಮಡಿ ಸಿಸ್ಟಮ್’ ಎಂದು ಹೆಸರಿಟ್ಟಿದ್ದರು. ಮಡಿ ಎಂಬ ಮಾತು ಅವರಲ್ಲೂ ಇರುವುದರಿಂದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ತಮಾಷೆಯೆಂದರೆ ಮನೆಯಲ್ಲಿ ನೀಲಮ್ಮಕ್ಕ ಮಡಿ ಮೈಲಿಗೆ ಯಾವುದನ್ನೂ ಲೆಕ್ಕಕ್ಕಿಟ್ಟವರೇ ಅಲ್ಲ. “ನಮ್ಮ ದೇವರ ಕೋಣ್ಯಾಗ ಬೆಕ್ಕು ಮಲಗತೈತ್ರಿ. ಮನಷ್ಯಾರಿಗೆ ಯಾತರ ಮಡಿ? ಮಷೀನಿಗೆ ಬೇಕು ಮಡಿ,” ಎನ್ನುತ್ತಿದ್ದರು.

ತೆಲುಗು ಸೀಮೆಯ ಬಾಲಾನಗರದಲ್ಲಿ, ಅಚ್ಚು ಉಪಕರಣ ಮಾಡುವ ಒಂದು ಟೂಲ್ ರೂಮಿನ ಮೇಲಿನ ಮಹಡಿ ನಮ್ಮ ಆಫೀಸು. ಕೆಳಗೆ ಪವರ್ ಪ್ರೆಸ್ ಬಿದ್ದಾಗಲೆಲ್ಲ ಮೇಲೆ ಚಹಾದ ಕಪ್ಪು ಕುಣಿಯುತ್ತಿತ್ತು. ಸುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಬುಶ್ಶು, ಪಿನ್ನು, ವಾಷರು ತಯಾರಾಗಿ ದೊಡ್ಡ ಕಂಪನಿಗಳಿಗೆ ಹೋಗುತ್ತವೆ. ಅವುಗಳ ಅಳತೆ ತೆಗೆದುಕೊಂಡು, ‘ಪಾಸು’ ಅಥವಾ ‘ರಿಜೆಕ್ಟು’ ಎಂದು ಹೇಳಿ, ರಿಪೋರ್ಟು ಅಚ್ಚು ಹಾಕಿ ಕೊಡುವ ಪ್ರೋಗ್ರಾಮು ನಮ್ಮದು. ಹನ್ನೊಂದು ಜನರ ಕಂಪನಿ. ಹತ್ತು ಜನ ಪ್ರೋಗ್ರಾಮು ಬರೆಯುತ್ತಲೋ ಮಾರುತ್ತಲೋ ಇದ್ದೆವು. ಬರೆದದ್ದನ್ನು ಗಿರಾಕಿಯ ಕಂಪ್ಯೂಟರಿನಲ್ಲಿ ನಡೆಯುವ ಹಾಗೆ ಕಟ್ಟಿ ಕಳಿಸುವುದು ನೀಲಮ್ಮಕ್ಕ ಒಬ್ಬರ ಕೆಲಸ.

ಬರೆಯುವುದಕ್ಕಿಂತ ಕಟ್ಟುವುದೇ ಕಷ್ಟ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಾನು ಬರೆದದ್ದು ನಾಲ್ಕು ಪುಟವಾದರೆ, ಅದು ನಡೆಯಲು ಬೇರೆ ಯಾರೋ ಬರೆದಿಟ್ಟ ಲೈಬ್ರರಿಗಳು ಬೇಕು; ಲೆಕ್ಕಕ್ಕೊಂದು, ಚಿತ್ರಕ್ಕೊಂದು, ಅಚ್ಚಿಗೊಂದು. ಮೂಗಿಗಿಂತ ಮೂಗುತಿ ಭಾರ. ಆ ಒಂದೊಂದಕ್ಕೂ ಒಂದೊಂದು ನಂಬರಿನ ಆವೃತ್ತಿ. ಒಂದರ ಹೊಸ ಆವೃತ್ತಿ ಬಂದರೆ ಇನ್ನೊಂದು ಮುನಿಸಿಕೊಂಡು ಮೂಲೆ ಸೇರುತ್ತದೆ. ಎಲ್ಲಕ್ಕೂ ತಳದಲ್ಲಿ ಪ್ರೋಗ್ರಾಮು ಬರೆದ ಭಾಷೆ, ಅದಕ್ಕೂ ಒಂದು ಆವೃತ್ತಿ. ಬರೆದವನ ಕಂಪ್ಯೂಟರಿನಲ್ಲಿ ಇವೆಲ್ಲ ಯಾವ ಕಾಲದಲ್ಲೋ ಬಂದು ಸೇರಿಕೊಂಡಿರುತ್ತವೆ, ಅವನಿಗೆ ನೆನಪೂ ಇರುವುದಿಲ್ಲ. ಗಿರಾಕಿಯ ಕಂಪ್ಯೂಟರಿನಲ್ಲಿ ಒಂದೂ ಇರುವುದಿಲ್ಲ. ಅದಕ್ಕೇ ಆ ಸೋಮವಾರದ ಜಳಕ. ಏನೂ ಇಲ್ಲದ ಮಷೀನಿನಲ್ಲಿ ನಡೆದರೆ ಎಲ್ಲಾದರೂ ನಡೆದೀತು ಎಂಬುದು ಅವರ ತರ್ಕ.

ನಮ್ಮ ಭಾಷೆ ಪೈಥಾನ್. ಹಾಗೆಂದರೆ ಹೆಬ್ಬಾವು ಎಂದು ಯಾರೋ ಅರ್ಥ ಹೇಳಿದ ದಿನದಿಂದ ನೀಲಮ್ಮಕ್ಕ ಅದರ ಹೆಸರು ಎತ್ತಲಿಲ್ಲ. ಹೆಸರು ಹಿಡಿದು ಕರೆದರೆ ಮನೆಗೆ ಬರುತ್ತವಂತೆ. ಸೇಡಂ ಕಡೆ ಕಲ್ಲು ಹಾಸಿದ ಮನೆಗಳಲ್ಲಿ ಬೆಳೆದವರಿಗೆ ಆ ಭಯ ಇದ್ದದ್ದೇ. ಆದ್ದರಿಂದ ಹಾವಿಗೆ ಹುಳ ಎನ್ನುವ ಅವರ ಬಾಯಲ್ಲಿ ಭಾಷೆಯ ಎರಡನೇ ಆವೃತ್ತಿ ‘ಎರಡನೇ ಹುಳ’, ಮೂರನೇದು ‘ಮೂರನೇ ಹುಳ’. ಹೊಸದಾಗಿ ಸೇರಿದ ಇಂಜಿನಿಯರುಗಳು “ಮೇಡಂ, ಹುಳ ಎಂದರೆ ವೈರಸ್ಸಾ?” ಎಂದು ಹೆದರಿಕೊಂಡು ಕೇಳುತ್ತಿದ್ದರು.

ಅವರು ಇಂಜಿನಿಯರಲ್ಲ. ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಮದುವೆಯಾಗಿ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದವರು. ಯಜಮಾನರು ಗೂಡ್ಸ್ ಗಾಡಿಯ ಗಾರ್ಡು. ಕಂಪನಿ ಶುರುವಾದಾಗ ಅಂಕಿ ಟೈಪು ಮಾಡಲೆಂದು ಸೇರಿದ ನೀಲಮ್ಮಕ್ಕ, ನಾನು ಬರುವ ಹೊತ್ತಿಗೆ ಅವರ ಸಹಿ ಇಲ್ಲದೆ ಒಂದು ಪೆನ್ ಡ್ರೈವ್ ಬಾಗಿಲು ದಾಟದ ಸ್ಥಿತಿಗೆ ಬೆಳೆದಿದ್ದರು. ಒಂದು ಹಾಳೆ ಇತ್ತು. ಅದರಲ್ಲಿ ಎರಡೇ ಕಾಲಮ್ಮು: ‘ಕಟ್ಟಿದವರು’, ‘ನೋಡಿದವರು’. ಎರಡರಲ್ಲೂ ಒಂದೇ ಹೆಸರು ಇರಕೂಡದು, ಅವರು ಕಟ್ಟಿದ್ದನ್ನು ನಮ್ಮಲ್ಲೊಬ್ಬರು ನೋಡಬೇಕು ಎಂಬುದು ಅವರೇ ಮಾಡಿದ ಕಾನೂನು. “ಹೆತ್ತವ್ವಗ ಹೆಗ್ಗಣಾನೂ ಮುದ್ದು. ಕಟ್ಟಿದಾಂವ ನೋಡಬಾರದು,” ಎನ್ನುತ್ತಿದ್ದರು. ನೋಡುವಾಗ ಕಟ್ಟಿದವನು ಪಕ್ಕದಲ್ಲಿ ನಿಲ್ಲುವ ಹಾಗೂ ಇರಲಿಲ್ಲ. ನಿಂತರೆ ಬಾಯಿ ಹಾಕುತ್ತಾನೆ, ಬಾಯಿ ಹಾಕಿದರೆ ಹಾಳೆಯಲ್ಲಿ ಬರೆಯದ ಮಾತು ಒಳಗೆ ನುಸುಳುತ್ತದೆ.

ನಮ್ಮದು ಯಾದಗಿರಿ ಕಡೆ. ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅದಕ್ಕೇ ಅವರಿಗೆ ನನ್ನ ಮೇಲೆ ಮಮತೆ, ಬೈಗುಳದಲ್ಲೂ ನನಗೆ ಎರಡು ಪಾಲು. ಸೇರಿದ ಮೊದಲ ತಿಂಗಳಲ್ಲೇ ಶಂಶಾಬಾದಿನ ಒಂದು ಕಾರ್ಖಾನೆಗೆ ನಮ್ಮ ಪ್ರೋಗ್ರಾಮು ಹಾಕಿ ಬರಲು ನನ್ನನ್ನೂ ಕರೆದುಕೊಂಡು ಹೋದರು. ಹೊರಡುವ ಮುಂಚೆ ನೋಡಿದರೆ ಪ್ರೋಗ್ರಾಮಿನ ಜೊತೆ ಲೈಬ್ರರಿಗಳನ್ನಷ್ಟೇ ಅಲ್ಲ, ಇಡೀ ಭಾಷೆಯನ್ನೇ ಡಿಸ್ಕಿಗೆ ತುಂಬುತ್ತಿದ್ದಾರೆ! ನನಗೆ ನಗು ತಡೆಯಲಿಲ್ಲ.

“ಅಕ್ಕಾ, ಭಾಷಾನೂ ಕಟ್ಟಾಕತ್ತೀರೇನ್ರಿ? ಇಂಟರ್ನೆಟ್ಟಿನ್ಯಾಗ ಪುಕ್ಕಟ ಸಿಗತೈತಿ ಅದು, ಅಲ್ಲೇ ಇಳಿಸಿಕೊಂಡ್ರಾತು.”

“ಹೌದೇನು? ಭಾಳ ಶಾಣ್ಯಾ ಇದ್ದಿ. ನಡಿ,” ಎಂದರು.

ಹೋದರೆ ಗೇಟಿನಲ್ಲಿ ಫೋನು ಕಿತ್ತಿಟ್ಟುಕೊಂಡರು. ಒಳಗೆ ಇಂಟರ್ನೆಟ್ಟು ಎಂಬುದು ಮಾತಿಗೂ ಇಲ್ಲ. ವಿಮಾನಕ್ಕೆ ಸಂಬಂಧಪಟ್ಟ ಭಾಗ ಮಾಡುವ ಜಾಗ, ಹೊರಗಿನ ತಂತಿ ಒಳಗೆ ಬಿಡುವುದಿಲ್ಲ. ಕಂಪ್ಯೂಟರು ಬೋಳು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ನೀಲಮ್ಮಕ್ಕ ಡಿಸ್ಕು ಹಾಕಿದರು, ಹಾಳೆ ನೋಡಿಕೊಂಡು ಒಂದೊಂದೇ ಹೆಜ್ಜೆ ಇಟ್ಟರು, ಮುಕ್ಕಾಲು ಗಂಟೆಯಲ್ಲಿ ಮೊದಲ ರಿಪೋರ್ಟು ಪ್ರಿಂಟರಿನಿಂದ ಹೊರಬಂತು. ವಾಪಸು ಬರುವಾಗ ಬಸ್ಸಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ನನ್ನ ಕೈಗಿಟ್ಟು ಹೇಳಿದರು: “ಹೋದಲ್ಲಿ ಸಿಗತೈತಿ ಅಂತ ಬುತ್ತಿ ಬಿಟ್ಟು ಹೋದಾಂವ ಉಪಾಸ ಬೀಳ್ತಾನ. ತಿನ್ನು. ನೀ ಏನೂ ತಂದಿಲ್ಲಂತ ನನಗ ಗೊತ್ತೈತಿ.” ನಾನು ನಿಜಕ್ಕೂ ಏನೂ ತಂದಿರಲಿಲ್ಲ.

ಜಳಕದ ಮಷೀನಿನಲ್ಲಿ ಪ್ರೋಗ್ರಾಮು ಎದ್ದು ನಿಂತರೆ ಸಾಲದು, ಹಳೆಯ ಉತ್ತರವನ್ನೇ ಕೊಡಬೇಕು. ಅದಕ್ಕೆಂದು ಅವರ ಹತ್ತಿರ ಮೂವತ್ತು ಹಳೆಯ ಅಳತೆಗಳು, ಅವುಗಳ ಫಲಿತಾಂಶ ಒಂದು ಹಳದಿ ಫೈಲಿನಲ್ಲಿ ಇದ್ದವು. ಯಾವ ವಿಜ್ಞಾನಿಯೂ ಆರಿಸಿದ್ದಲ್ಲ. ಜಗಳ ಎಬ್ಬಿಸಿದ ಅಳತೆಗಳು ಅಷ್ಟೇ. ಬಾಲಾನಗರದಲ್ಲೇ ಲೇಥ್ ಇಟ್ಟಿದ್ದ ಖಾಜಾ ಭಾಯ್ ಒಂದು ದಿನ ಬುಶ್ಶೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಎರಡು ಮೈಕ್ರಾನಿನ ತನಕ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನ ತನಕ, ಹೆಚ್ಚುಕಡಿಮೆ ನಡೆಯುತ್ತದೆ. ಅವರದು ಎರಡೂವರೆ ಬಂದಿತ್ತು. ಅರ್ಧ ಬಂದರೆ ಮೇಲಿನ ಅಂಕಿಗೆ ಹಿಡಿಯಬೇಕು ಎಂಬುದು ಕೊಳ್ಳುವ ಕಂಪನಿಯ ನಿಯಮ. ಹಾಗಾಗಿ ನಮ್ಮ ಪ್ರೋಗ್ರಾಮು ಮೂರು ಎಂದು ಹಿಡಿದು ರಿಜೆಕ್ಟು ಮಾಡಿತ್ತು.

“ಕ್ಯಾ ಅಕ್ಕಾ, ಅರ್ಧಾ ಮೈಕ್ರಾನ್ ಅಂದ್ರ ಏನ್ರಿ? ಕಣ್ಣಿಗೆ ಕಾಣ್ತೈತೇನು?” ಎಂದು ಅವರು ಕೂಗಾಡಿದರು. ಬೀದರಿನವರು, ಕನ್ನಡ ಉರ್ದು ಎರಡೂ ಸರಾಗ.

“ನನ್ನ ಕಣ್ಣಿಗೆ ಕಾಣಂಗಿಲ್ಲ ಭಾಯ್. ತಗೊಳ್ಳಾವ್ರ ಗೇಜಿಗೆ ಕಾಣತೈತಿ. ಚಾ ಕುಡೀರಿ.”

ಭಾಯ್ ಚಹಾ ಕುಡಿದು, ಬುಶ್ಶು ವಾಪಸು ಒಯ್ದು ಹೊಸದು ಮಾಡಿದರು. ಆ ಎರಡೂವರೆ ಹಳದಿ ಫೈಲು ಸೇರಿತು.

ಹೀಗೆ ಎಲ್ಲ ನಡೆದುಕೊಂಡು ಹೋಗುತ್ತಿದ್ದಾಗ ನಮಗೊಬ್ಬ ಹೊಸ ಹೆಡ್ ಬಂದರು. ಶ್ರೀಧರ್ ಗಾರು. ದೊಡ್ಡ ಕಂಪನಿಯಿಂದ ಬಂದವರು, ಮಾತು ಬೆಣ್ಣೆ. ಯಾರನ್ನೂ ಬೈಯುತ್ತಿರಲಿಲ್ಲ, ಎಲ್ಲದಕ್ಕೂ ಗಡಿಯಾರ ನೋಡುತ್ತಿದ್ದರು. ಒಂದು ಪ್ರೋಗ್ರಾಮು ಬಾಗಿಲು ದಾಟಲು ಮೂರು ದಿನ ಹಿಡಿಯುವುದನ್ನು ಕಂಡು ಅವರಿಗೆ ಕಣ್ಣು ತಿರುಗಿತು. ಜಗತ್ತಿನಲ್ಲಿ ಈಗ ಇದನ್ನೆಲ್ಲ ಸ್ಕ್ರಿಪ್ಟು ಎಂಬ ಆದೇಶಗಳ ಪಟ್ಟಿಯೇ ಮಾಡುತ್ತದೆ ಎಂದರು. ಒಂದು ಗುಂಡಿ ಒತ್ತಿದರೆ ಅದೇ ಖಾಲಿ ಮಷೀನನ್ನು ಹುಟ್ಟಿಸಿ, ಅದೇ ಭಾಷೆ, ಲೈಬ್ರರಿ ತುಂಬಿ, ಪರೀಕ್ಷೆ ಮಾಡಿ, ಕಟ್ಟಿ ಕೊಡುತ್ತದೆ. ಮೂರು ದಿನದ ಕೆಲಸ ಇಪ್ಪತ್ತು ನಿಮಿಷ. ಇದು ನಿಜವೇ ಆಗಿತ್ತು. ಅವರು ಸುಳ್ಳು ಹೇಳುವ ಮನುಷ್ಯರಾಗಿದ್ದರೆ ನಮಗೆಲ್ಲ ಅನುಕೂಲವಾಗುತ್ತಿತ್ತು.

ನಮ್ಮಿಬ್ಬರನ್ನೂ ಗಾಜಿನ ಕೋಣೆಗೆ ಕರೆದು ಕೂರಿಸಿ ವಿಷಯ ಹೇಳಿದರು. ಸಂಗಮೇಶ್, ಅಂದರೆ ನಾನು, ಮೇಡಂ ಪಕ್ಕ ಕೂತು ಅವರು ಮಾಡುವುದನ್ನೆಲ್ಲ ಕಲಿತು ಸ್ಕ್ರಿಪ್ಟು ಬರೆಯಬೇಕು. ಅದು ಪಾಸಾದ ಮೇಲೆ ಮೇಡಂ ಗಾರು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಬಹುದು. ವಿಶ್ರಾಂತಿ ಎಂದರೆ ಏನೆಂದು ನೀಲಮ್ಮಕ್ಕನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ನೀಲಮ್ಮಕ್ಕ ಕೇಳಿದ್ದು ಒಂದೇ ಪ್ರಶ್ನೆ. ಕೇಳಿದ್ದು ತೆಲುಗಿನಲ್ಲಿ, ಆದರೆ ಅವರ ತೆಲುಗೂ ಸೇಡಂ ಕನ್ನಡವೇ ಆದ್ದರಿಂದ ಹಾಗೇ ಬರೆಯುತ್ತೇನೆ.

“ಆ ಸ್ಕ್ರಿಪ್ಟು ಯಾರು ನೋಡ್ತಾರ್ರಿ ಸರ್?”

“ಸಂಗಮೇಶೇ ನೋಡಿಕೊಳ್ಳುತ್ತಾನೆ ಬಿಡಿ ಮೇಡಂ.”

“ಕಟ್ಟಿದಾಂವ ನೋಡಬಾರದ್ರಿ. ಇಲ್ಲಿ ಹಂಗ ಪದ್ಧತಿ ಇಲ್ಲ.”

ಶ್ರೀಧರ್ ಗಾರು ನಕ್ಕು, “ಸರೇ, ಮೀರೇ ಚೂಡಂಡಿ ಮೇಡಂ,” ಎಂದರು. ನೀವೇ ನೋಡಿ ಎಂದು. ತಮ್ಮನ್ನು ಮನೆಗೆ ಕಳಿಸುವ ಸ್ಕ್ರಿಪ್ಟಿಗೆ ಪಾಸೋ ಫೇಲೋ ಎಂದು ಸಹಿ ಹಾಕುವ ಕೆಲಸ ಹೀಗೆ ನೀಲಮ್ಮಕ್ಕನ ಕೈಗೇ ಬಂತು. ಅವರ ಕಾನೂನು ಅವರ ಕೊರಳಿಗೇ ಸುತ್ತಿಕೊಂಡಿತು.

ಒಂದು ತಿಂಗಳು ಅವರ ಪಕ್ಕ ಕೂತೆ. ಏನೊಂದನ್ನೂ ಮುಚ್ಚಿಡಲಿಲ್ಲ ಆ ಹೆಂಗಸು. ಯಾವ ಗಿರಾಕಿಗೆ ಯಾವ ಹುಳ, ಯಾವ ಲೈಬ್ರರಿಯ ಯಾವ ನಂಬರು ಯಾವುದರ ಜೊತೆ ಜಗಳಾಡುತ್ತದೆ, ಎಲ್ಲ ಹೇಳಿ ಬರೆಸಿದರು. ನಾನು ಬರೆದುಕೊಳ್ಳದೆ ಬರೀ ತಲೆಯಾಡಿಸಿದರೆ “ಬರಕೋ” ಎಂದು ಗದರಿಸುತ್ತಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, “ಅಕ್ಕಾ, ಮನ್ಯಾಗ ಆರಾಮ ಇರಬಹುದಲ್ರಿ?” ಎಂದು ಕೇಳಿಬಿಟ್ಟೆ. ಎಂಥ ದಡ್ಡ ಪ್ರಶ್ನೆ.

“ಆರಾಮನೋ ತಮ್ಮಾ? ಕ್ವಾರ್ಟರ್ಸಿನ್ಯಾಗ ನಾ ಗಾರ್ಡ್ ಸಾಹೇಬ್ರ ಹೆಂಡ್ತಿ. ಊರಾಗ ಸಣ್ಣ ಸೊಸಿ. ಇಲ್ಲಿ ಒಂದ ಕಡೆ ನೀಲಮ್ಮ ಅಂತ ಸಹಿ ಮಾಡ್ತೀನಿ. ಆ ಸಹಿ ಮ್ಯಾಲ ಮಂದಿ ಭರೋಸಾ ಇಡ್ತಾರ. ಇಪ್ಪತ್ತು ವರ್ಷ ಆತು,” ಎಂದು ಮಜ್ಜಿಗೆ ಕುಡಿದರು.

ಸ್ಕ್ರಿಪ್ಟು ತಯಾರಾಯಿತು. ನಾನು ಎದೆ ಸೆಟೆಸಿಕೊಂಡು ಒಪ್ಪಿಸಿದೆ. ಮಡಿ ಮಷೀನಿನಲ್ಲಿ ಅದು ಮೊದಲ ಸಾಲಿನಲ್ಲೇ ಕೂತುಬಿಟ್ಟಿತು. ನನ್ನ ಕಂಪ್ಯೂಟರಿನಲ್ಲಿ ಎಂದೋ ಹಾಕಿಕೊಂಡು ಮರೆತಿದ್ದ ಒಂದು ಸಣ್ಣ ಉಪಕರಣವನ್ನು ಅದು ಕೇಳುತ್ತಿತ್ತು. ಹಾಳೆಯ ಮೇಲೆ ‘ಫೇಲು’ ಬಿತ್ತು. ಸರಿಪಡಿಸಿ ಮತ್ತೆ ಕೊಟ್ಟೆ. ಈ ಸಲ ಭಾಷೆ, ಲೈಬ್ರರಿ ಎಲ್ಲದರ ಆವೃತ್ತಿಯ ನಂಬರು ಗಟ್ಟಿಯಾಗಿ ನಮೂದಿಸಿದ್ದೆ. ಆದರೆ ನಾನು ಹೆಸರಿಸಿದ ನಾಲ್ಕು ಲೈಬ್ರರಿಗಳು ತಮಗೆ ಬೇಕಾದ ಬೇರೆ ಲೈಬ್ರರಿಗಳನ್ನು ಎಳೆದುಕೊಂಡು ಬರುತ್ತವೆ, ಅವುಗಳ ನಂಬರು ನಾನು ಬರೆದಿರಲಿಲ್ಲ. ಕಟ್ಟುವಾಗ ನನ್ನ ಕಂಪ್ಯೂಟರು ಇಂಟರ್ನೆಟ್ಟಿನಿಂದ ಯಾವ ಹೊಸದು ತಂದರೆ ಅದೇ ಇರಲಿ ಎಂದು ಬಿಟ್ಟಿದ್ದೆ. ಅವುಗಳಲ್ಲೊಂದರ ಹೊಸ ಆವೃತ್ತಿ ಅದೇ ವಾರ ಬಿಡುಗಡೆಯಾಗಿ ಉಳಿದದ್ದಕ್ಕೆಲ್ಲ ಕಲ್ಲು ಹಾಕಿತ್ತು. “ನಾಕ ಮಂದಿ ಬೀಗರು ಬರ್ತಾರ ಅಂತಿ. ಅವರು ಹದಿಮೂರ ಮಂದಿ ಕಟಗೊಂಡು ಬಂದಾರ. ಅವರ ಹೆಸರೂ ಬರೀಬೇಕಲ್ಲೋ, ಎಲಿ ಹಾಕೂದು ಹದಿನೇಳು,” ಎಂದರು. ಮತ್ತೆ ಫೇಲು.

ಮೂರನೆಯ ಸಲ ಎಲ್ಲ ಹದಿನೇಳೂ ಬಂದವು, ಎಲ್ಲದಕ್ಕೂ ನಂಬರು ಇತ್ತು. ಪ್ರೋಗ್ರಾಮು ಎದ್ದಿತು, ಓಡಿತು, ರಿಪೋರ್ಟು ಬಂತು. ಶ್ರೀಧರ್ ಗಾರು ಚಪ್ಪಾಳೆ ತಟ್ಟಿದರು. ನೀಲಮ್ಮಕ್ಕ ಹಳದಿ ಫೈಲು ತೆಗೆದು ಮೂವತ್ತು ಅಳತೆ ಹಾಕಿ ನೋಡಿ, ಹಾಳೆಯ ಮೇಲೆ ಮೂರನೇ ಸಲ ಫೇಲು ಎಂದು ಬರೆದರು.

ನನಗೆ ಉರಿದುಹೋಯಿತು. ಅಷ್ಟರಲ್ಲಿ ಆಫೀಸಿನಲ್ಲಿ ಪಿಸುಪಿಸು ಶುರುವಾಗಿತ್ತು: ಮೇಡಂ ಬಿಡುವುದಿಲ್ಲ, ಅವರ ಕುರ್ಚಿಯಲ್ಲವೇ. ಅದು ನನ್ನ ತಲೆಯಲ್ಲೂ ಹೊಕ್ಕಿತ್ತು. ಎಲ್ಲರ ಮುಂದೆ ನಿಂತು ಹೇಳಿಬಿಟ್ಟೆ: “ಅಕ್ಕಾ, ನಿಮ್ಮ ಕುರ್ಚಿ ಉಳಿಸ್ಕೊಳ್ಳಾಕ ನನ್ನ ಕೆಲಸಾ ಯಾಕ ಕೆಡಸ್ತೀರಿ?”

ಕನ್ನಡದಲ್ಲಿ ಹೇಳಿದ್ದರಿಂದ ಮಾತು ಬೇರೆಯವರಿಗೆ ತಿಳಿಯಲಿಲ್ಲ. ತಿಳಿಯಬೇಕಾದವರಿಗೆ ತಿಳಿಯಿತು. ಅವರು ಎರಡು ರಿಪೋರ್ಟು ಅಕ್ಕಪಕ್ಕ ಇಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. ಖಾಜಾ ಭಾಯಿಯ ಬುಶ್ಶು. ಹಳೆಯದರಲ್ಲಿ ಎರಡೂವರೆ ಹೋಗಿ ಮೂರಾಗಿ ರಿಜೆಕ್ಟು. ನನ್ನದರಲ್ಲಿ ಎರಡೂವರೆ ಹೋಗಿ ಎರಡಾಗಿ ಪಾಸು!

ಕಾರಣ ನಾನೇ. ಹೊಸದಿರಲಿ ಎಂದು ಎರಡನೇ ಹುಳ ಬಿಟ್ಟು ಮೂರನೇದಕ್ಕೆ ಹಾರಿದ್ದೆ. ಸರಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗಬೇಕು ಎಂದು ಆ ಆವೃತ್ತಿಯವರು ಪದ್ಧತಿ ಬದಲಿಸಿದ್ದರು. ಮೂರೂವರೆ ಹಾಕಿದರೆ ಹಳೆಯದೂ ನಾಲ್ಕು, ಹೊಸದೂ ನಾಲ್ಕು. ಎರಡೂವರೆ ಹಾಕಿದರೆ ಮಾತ್ರ ಬಣ್ಣ ಬಯಲು. ಅದು ಅವರ ಕೈಪಿಡಿಯಲ್ಲಿ ಬರೆದೇ ಇತ್ತು. ನಾನು ಓದಿರಲಿಲ್ಲ.

ಅರ್ಧ ಮೈಕ್ರಾನ್ ತಾನೇ ಎಂದು ಶ್ರೀಧರ್ ಗಾರು ಮೆಲ್ಲಗೆ ಕೇಳಿದರು. “ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಸರ್,” ಎಂದು ನೀಲಮ್ಮಕ್ಕ ಅಪ್ಪಟ ಕನ್ನಡದಲ್ಲೇ ಹೇಳಿದರು. ಅವರಿಗೆ ಅರ್ಥವಾಯಿತೋ ಇಲ್ಲವೋ, ತಲೆಯಂತೂ ಆಡಿಸಿದರು. ತಪ್ಪಾಯಿತು ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹುಟ್ಟುಗುಣ.

ಆ ವಾರವೆಲ್ಲ ಮೂರನೇ ಆವೃತ್ತಿಯಲ್ಲೂ ಅರ್ಧ ಮೇಲಕ್ಕೇ ಹೋಗುವಂತೆ ತಿದ್ದುತ್ತ ಕೂತೆ. ಕೆಲಸ ಮುಗಿಯುತ್ತ ಬಂದಂತೆ ನನಗೆ ವಿಚಿತ್ರ ಸಂಕಟ ಶುರುವಾಯಿತು. ಇದು ಈ ಸಲ ಪಾಸಾಗುತ್ತದೆ. ಪಾಸಾದರೆ ಆ ಕಿಟಕಿ ಪಕ್ಕದ ಕುರ್ಚಿ ಖಾಲಿ. ನಾನು ಆಡಿದ ಮಾತಿಗೆ ಪರಿಹಾರ ಏನು? ಯೋಚಿಸಿ ಯೋಚಿಸಿ ಒಂದು ಘನಂದಾರಿ ಉಪಾಯ ಹೊಳೆಯಿತು. ಹದಿನೇಳರಲ್ಲಿ ಒಂದನ್ನು, ರಿಪೋರ್ಟಿನ ಕೊನೆಯ ಪುಟಕ್ಕೆ ಮಾತ್ರ ಬೇಕಾದ ಒಂದು ಸಣ್ಣ ಲೈಬ್ರರಿಯನ್ನು, ಪಟ್ಟಿಯಿಂದ ಹೊಡೆದುಹಾಕಿದೆ. ಅಕ್ಕ ಫೇಲು ಮಾಡುತ್ತಾರೆ. ಮತ್ತೆ ತಿದ್ದುತ್ತೇನೆ, ಮತ್ತೆ ಒಂದು ಬಿಡುತ್ತೇನೆ. ಹೀಗೆ ಆರು ತಿಂಗಳು, ವರ್ಷ ತಳ್ಳಿದರೆ ಶ್ರೀಧರ್ ಗಾರು ಬೇರೆ ಕಂಪನಿಗೆ ಹಾರುತ್ತಾರೆ. ಅಂಥವರು ಎಲ್ಲೂ ಎರಡು ವರ್ಷದ ಮೇಲೆ ನಿಲ್ಲುವುದಿಲ್ಲ. ಇಷ್ಟು ದೊಡ್ಡ ಮನಸ್ಸು ನನಗಿದೆಯೆಂದು ನನಗೇ ಹೆಮ್ಮೆಯಾಯಿತು.

ಸೋಮವಾರ ಜಳಕ ಆಯಿತು. ಊಟದ ನಂತರ ಸ್ಕ್ರಿಪ್ಟು ಕೊಟ್ಟು ನನ್ನ ಜಾಗಕ್ಕೆ ಬಂದು ಕೂತೆ. ಹತ್ತು ನಿಮಿಷವಾಗಿರಲಿಕ್ಕಿಲ್ಲ, “ಸಂಗಣ್ಣಾ, ಬಾ ಇಲ್ಲಿ,” ಎಂದರು. ಯಾವತ್ತೂ ಪರೀಕ್ಷೆಯ ನಡುವೆ ಕರೆದವರಲ್ಲ.

ಹೋದೆ. ಸ್ಕ್ರೀನಿನ ಮೇಲೆ ಲೈಬ್ರರಿಗಳ ಪಟ್ಟಿ ಇತ್ತು.

“ಹೋದ ಸಲ ಹದಿನೇಳು. ಈ ಸಲ ಹದಿನಾರು,” ಎಂದರು.

“ಮರತೀನೇನೋ ಅಕ್ಕಾ. ಫೇಲು ಬರೀರಿ, ತಿದ್ದಿಕೊಂಡು ಬರ್ತೀನಿ.”

“ಇದು ಮರತದ್ದಲ್ಲ. ನೀ ಮರತದ್ದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ಇದು ಬಿಟ್ಟದ್ದು.”

ಅವರ ಮುಖ ಕೆಂಪಾಗಿತ್ತು. ಅಷ್ಟು ವರ್ಷದಲ್ಲಿ ಬೈದದ್ದು ನೂರು ಸಲ, ಸಿಟ್ಟಾಗಿ ನೋಡಿದ್ದು ಅದೇ ಮೊದಲು.

“ನನ್ನ ಮ್ಯಾಲ ದಯಾ ಮಾಡಾಕ ಬಂದೀಯೇನು?” ಎಂದರು, ದನಿ ಏರಿಸದೆ. “ಮೂರ ಸಲ ಫೇಲು ಬರದೀನಿ. ಖರೇನ ಕೆಟ್ಟಿತ್ತು, ಬರದೀನಿ. ಈಗ ಇದಕ್ಕ ಫೇಲು ಬರದ್ರ ಆ ಮೂರೂ ಸುಳ್ಳಾಗ್ತಾವು. ನೀ ಅಂದಿ ನೋಡು ಅವತ್ತು, ಕುರ್ಚಿ ಅಂತ? ಅದು ಖರೆ ಆಗತೈತಿ. ಇಪ್ಪತ್ತು ವರ್ಷದ ಸಹಿ ಐತೋ ನಂದು. ಹೋಗು. ಹದಿನೇಳೂ ಹಾಕ್ಕೊಂಡು ಬಾ.”

ಹೋದೆ. ಹೊಡೆದುಹಾಕಿದ ಸಾಲನ್ನು ಮತ್ತೆ ಬರೆಯುವುದು ಅರ್ಧ ನಿಮಿಷದ ಕೆಲಸ. ನನಗೆ ಕಾಲು ಗಂಟೆ ಹಿಡಿಯಿತು, ಕಣ್ಣು ಮಂಜಾಗಿ ಕೀಲಿಗಳು ಕಾಣುತ್ತಿರಲಿಲ್ಲ. ಮುಚ್ಚಿಡುವುದೇಕೆ, ಅತ್ತೆ.

ಅವರು ಅವತ್ತು ಯಾವುದನ್ನೂ ಅವಸರ ಮಾಡಲಿಲ್ಲ. ಹದಿನಾರರ ಅವತಾರ ಒಂದು ಸಲ ಹೊಕ್ಕಿದೆಯೆಂದು ಮಷೀನಿಗೆ ಮತ್ತೆ ಜಳಕ ಮಾಡಿಸಿದರು. ಮರುದಿನ ಮೊದಲಿನಿಂದ ಶುರು. ಹದಿನೇಳೂ ಬಂದವು. ಪ್ರೋಗ್ರಾಮು ಓಡಿತು. ಮೂವತ್ತು ಅಳತೆಗಳನ್ನು ಒಂದೊಂದಾಗಿ ಹಾಕಿ, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುರುತು ಮಾಡಿದರು. ಎರಡೂವರೆ ಮೂರಾಯಿತು, ರಿಜೆಕ್ಟಾಯಿತು. ಕೊನೆಯ ಪುಟವೂ ಅಚ್ಚಾಗಿ ಬಂತು. ನಾವು ಹತ್ತು ಜನ ಕೆಲಸ ಮಾಡುವ ನಟನೆ ಮಾಡುತ್ತ ಆ ಕಡೆಯೇ ನೋಡುತ್ತಿದ್ದೆವು. ನೀಲಮ್ಮಕ್ಕ ಹಾಳೆ ತೆಗೆದುಕೊಂಡು, ‘ನೋಡಿದವರು’ ಎಂಬಲ್ಲಿ ಉರುಟು ಅಕ್ಷರದಲ್ಲಿ ನೀಲಮ್ಮ ಎಂದು ಬರೆದು, ಪಕ್ಕದಲ್ಲಿ ‘ಪಾಸು’ ಎಂದು ಹಾಕಿ, ಒಯ್ದು ಶ್ರೀಧರ್ ಗಾರು ಅವರ ಮೇಜಿನ ಮೇಲಿಟ್ಟರು. “ಭೇಷ್ ಕಟ್ಟ್ಯಾನ್ರಿ ಹುಡುಗ,” ಎಂದರು.

ತಿಂಗಳ ಕೊನೆಗೆ ಬೀಳ್ಕೊಡುಗೆಗೆಂದು ಒಂದು ಕೇಕು ತಂದೆವು. ಅದರಲ್ಲಿ ಮೊಟ್ಟೆ ಇತ್ತೆಂದು ನೀಲಮ್ಮಕ್ಕ ತಿನ್ನಲಿಲ್ಲ. ಶ್ರೀಧರ್ ಗಾರು ಚೆನ್ನಾಗಿಯೇ ಮಾತಾಡಿದರು, ನಿಜವಾದ ಗೌರವದಿಂದಲೇ ಮಾತಾಡಿದರು. ಸಂಜೆ ನೀಲಮ್ಮಕ್ಕ ಎಂದಿನ ಹೊತ್ತಿಗೆ ಎಂದಿನ ಚೀಲ ಹಿಡಿದು ಮೆಟ್ಟಿಲು ಇಳಿದರು. ಎಂಟು ತಿಂಗಳಿಗೆ ಶ್ರೀಧರ್ ಗಾರು ಇನ್ನೊಂದು ಕಂಪನಿಗೆ ಹೋದರು. ಅಂದಾಜು ಸರಿಯಾಗಿತ್ತು ನೋಡಿ.

ಈಗ ಎಲ್ಲವನ್ನೂ ಸ್ಕ್ರಿಪ್ಟೇ ಮಾಡುತ್ತದೆ. ಹೊಸದಾಗಿ ಬಂದವರು ಅದನ್ನು ಹೊಗಳುತ್ತಾರೆ, ಬರೆದವನೆಂದು ನನ್ನ ಬೆನ್ನು ತಟ್ಟುತ್ತಾರೆ. ನಾನೂ ಹಲ್ಲು ಕಿರಿಯುತ್ತೇನೆ. ಮೂರು ಸಲ ಫೇಲು ಮಾಡಿದವರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಎಲ್ಲಾದರೂ ಅದು ಕೆಟ್ಟರೆ ಅವರಿಗೆ ಫೋನು ಮಾಡಬೇಕು, ಆ ನೆಪದಲ್ಲಿ ಅವತ್ತು ಆಡದೆ ಉಳಿದ ‘ತಪ್ಪಾಯಿತು’ ಎಂಬ ಮಾತೂ ಹೇಳಿಬಿಡಬೇಕು ಎಂದುಕೊಂಡು ಕಾಯುತ್ತಿದ್ದೆ. ಹಾಳಾದ್ದು, ಕೆಡಲೇ ಇಲ್ಲ.

ಕಡೆಗೆ ಹೋದ ವರ್ಷ ಒಂದು ದಿನ ನೆಪವಿಲ್ಲದೆಯೇ ಮಾಡಿದೆ. ಏನು ಹೇಳಬೇಕೆಂದು ಬೆಳಗಿನಿಂದ ಗಟ್ಟಿ ಮಾಡಿಕೊಂಡಿದ್ದೆ. ಎರಡನೇ ರಿಂಗಿಗೇ ಎತ್ತಿದರು.

“ಸಂಗಣ್ಣಾ? ಏನ ಕೆಟ್ಟೈತಿ?”

“ಏನೂ ಕೆಟ್ಟಿಲ್ಲರಿ ಅಕ್ಕಾ. ಛಲೋ ನಡದೈತಿ.”

“ಒಂದ ಸಲಾನೂ ಕೆಟ್ಟಿಲ್ಲ?”

“ಒಂದ ಸಲಾನೂ ಇಲ್ಲ.”

ನಾನು ಬಾಯಿ ತೆರೆದೆ.

“ಮತ್ಯಾಕ ಫೋನ್ ಮಾಡಿದಿ?” ಎಂದರು.

“ಸುಮ್ಮನರಿ.”

“ಸುಮ್ಮನ? ಕೆಲಸ ಬಿಟ್ಟು ಸುಮ್ಮನ ಫೋನ್ ಮಾಡ್ತಾರೇನೋ? ಇಡು. ಒಲಿ ಮ್ಯಾಲ ಹಾಲ ಇಟ್ಟೀನಿ.”

ಇಟ್ಟುಬಿಟ್ಟರು.